ಡಿಬಿಎ ಆಗಬೇಕು ಅನ್ನುವವರು ಮನೆಯ ಕಂಪ್ಯೂಟರಿಗೆ ಯಾವ ಓಎಸ್ ಹಾಕಿಕೊಳ್ಳಬೇಕು

ದಸರೆ ರಜೆಗೆ ಸೇಡಂನಿಂದ ಅಕ್ಕನ ಮಗಳು ಕಲಬುರಗಿಗೆ, ನಮ್ಮ ಮನೆಗೆ ಬಂದಿದ್ದಳು. ಬಿಸಿಎ ಮುಗಿದಿದೆ. ಡಿಬಿಎ, ಅಂದರೆ ಕಂಪನಿಯ ಡೇಟಾಬೇಸ್ ನೋಡಿಕೊಳ್ಳುವವರ ಕೆಲಸ ಹುಡುಕಬೇಕೆಂಬ ಮನಸ್ಸು. ಊಟ ಆದ ಮೇಲೆ ಬ್ಯಾಗಿನಿಂದ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ತೆಗೆದು ಚಾಪೆಯ ಮೇಲಿಟ್ಟಳು.

"ಮಾಮಾ, ಇದಕ್ಕ ಯಾವ ಓಎಸ್ ಹಾಕ್ಲಿ? ಒಬ್ರು ಉಬುಂಟು ಹಾಕು ಅಂತಾರ, ಒಬ್ರು ವಿಂಡೋಸೇ ಸಾಕು ಅಂತಾರ. ನಮ್ಮ ಕ್ಲಾಸಿನಾಗ ಒಬ್ಬಾಕಿ ಕಾಲಿ ಲಿನಕ್ಸ್ ಹಾಕ್ಕೊಂಡಾಳ."

"ಮೊದ್ಲ ಇದು ಹೇಳವ್ವ, ಯಾವ ಡೇಟಾಬೇಸ್ ಕಲೀತಿ?"

"ಅದಿನ್ನಾ ಗೊತ್ತಿಲ್ಲ ಮಾಮಾ."

ಆಕೆಗೆ ಮೂರು ದಿನ ಕೂಡಿಸಿಕೊಂಡು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಡೆ ಇದೇ ಪ್ರಶ್ನೆ ಇಟ್ಟುಕೊಂಡ ಹುಡುಗ ಹುಡುಗಿಯರು ಭಾಳ ಮಂದಿ ಇದ್ದಾರೆ. ಹೇಳಿಕೊಡುವವರು ಹತ್ತಿರದಲ್ಲಿ ಇರುವುದಿಲ್ಲ.

ನನಗೆ ಈ ಮಾತನ್ನು ಯಾರೂ ಹೇಳಿರಲಿಲ್ಲ. ಕಲಬುರಗಿಯ ಒಂದು ಬೇಳೆ ಮಿಲ್ಲಿನ ಕಚೇರಿಯಲ್ಲಿ ತೊಗರಿ ಚೀಲಗಳ ಲೆಕ್ಕ ಬರೆಯುವ ಕೆಲಸದಲ್ಲಿದ್ದೆ. ಅಲ್ಲಿನ ವಿಂಡೋಸ್ ಕಂಪ್ಯೂಟರಿನಲ್ಲೇ ಮೈಎಸ್‌ಕ್ಯೂಎಲ್ ಹಾಕಿಕೊಂಡು ಎರಡು ವರ್ಷ ಕಲಿತೆ. ಟೇಬಲ್ಲು, ಜಾಯಿನ್ನು, ಇಂಡೆಕ್ಸು ಎಲ್ಲ ಬರುತ್ತಿತ್ತು. ಹೈದರಾಬಾದಿನಿಂದ ಸಂದರ್ಶನಕ್ಕೆ ಕರೆ ಬಂದಾಗ ವಾಡಿ, ಸೇಡಂ, ತಾಂಡೂರು ದಾಟುವವರೆಗೂ ಟ್ರೇನಿನಲ್ಲಿ ನಾರ್ಮಲೈಸೇಶನ್ ಓದಿಕೊಂಡು ಹೋದೆ. ಅಲ್ಲಿ ಕಪ್ಪು ಪರದೆಯೊಂದರ ಮುಂದೆ ಕೂಡಿಸಿ, "ಡೇಟಾಬೇಸ್ ಬರೆಯುವುದನ್ನು ನಿಲ್ಲಿಸಿದೆ, ಯಾಕೆಂದು ನೋಡಿ" ಅಂದರು. ಇಪ್ಪತ್ತು ನಿಮಿಷ ಡೇಟಾಬೇಸಿನ ಒಳಗೇ ಹುಡುಕಿದೆ. ಡಿಸ್ಕು ತುಂಬಿತ್ತು. ಯಾರೋ ದೊಡ್ಡ ಲಾಗ್ ಫೈಲೊಂದನ್ನು ಅಳಿಸಿದ್ದರು, ಆದರೆ ಅದನ್ನು ತೆರೆದಿಟ್ಟುಕೊಂಡ ಪ್ರೊಸೆಸ್ ಇನ್ನೂ ಓಡುತ್ತಿದ್ದುದರಿಂದ ಜಾಗ ಮರಳಿರಲಿಲ್ಲ. 'ಡಿಎಫ್' ಕಮಾಂಡು ಡಿಸ್ಕು ತುಂಬಿದೆ ಅನ್ನುತ್ತದೆ, 'ಡಿಯು' ಕಮಾಂಡು ಇಲ್ಲ ಅನ್ನುತ್ತದೆ. ಈ ಎರಡರ ನಡುವಿನ ವ್ಯತ್ಯಾಸವನ್ನು 'ಎಲ್‌ಎಸ್‌ಒಎಫ್' ಹಿಡಿದು ತೋರಿಸುತ್ತದೆ. ಲಿನಕ್ಸ್ ಮುಟ್ಟಿಯೇ ಇರದ ನನಗೆ ಈ ಮೂರರಲ್ಲಿ ಒಂದರ ಹೆಸರೂ ಗೊತ್ತಿರಲಿಲ್ಲ.

ಮರಳಿ ಬರುವಾಗ ಒಂದು ಮಾತು ತಲೆಯಲ್ಲಿ ಕೂತಿತು. ಡಿಬಿಎ ಮಾಡುವ ಕೆಲಸದ ಅರ್ಧ ಓಎಸ್‌ನಲ್ಲೇ ಇದೆ: ಡಿಸ್ಕು, ಮೆಮೊರಿ, ಪ್ರೊಸೆಸ್ಸು, ಯೂಸರ್ ಪರ್ಮಿಷನ್ನು, ಪೋರ್ಟು, ಸರ್ವಿಸ್ಸು. ಹಾಗಾಗಿ ಓಎಸ್ ಆಯ್ಕೆ ಅಂದರೆ ಯಾವುದು ಚೆಂದ ಕಾಣುತ್ತದೆ ಅಂತ ನೋಡುವುದಲ್ಲ. ನೀವು ಕಲಿಯುವ ಡೇಟಾಬೇಸ್ ಕಂಪನಿಗಳ ಸರ್ವರಿನಲ್ಲಿ ಯಾವ ಓಎಸ್ ಮೇಲೆ ಕೂತಿರುತ್ತದೋ ಅದನ್ನೇ ಮನೆಯಲ್ಲೂ ಕೂಡಿಸಿಕೊಳ್ಳಬೇಕು.

ಡೇಟಾಬೇಸ್ ಮೊದಲು

ಓರಾಕಲ್ ಕಲಿಯುವವರಿಗೆ ನನ್ನ ಉತ್ತರ ಒಂದೇ: ಓರಾಕಲ್ ಲಿನಕ್ಸ್. ಆ ಕಂಪನಿಯದೇ ಓಎಸ್ ಅದು, 2006ರಿಂದ ಇದೆ, ಇಳಿಸಿಕೊಳ್ಳಲು ದುಡ್ಡು ಕೊಡಬೇಕಾಗಿಲ್ಲ, ರೆಡ್‌ಹ್ಯಾಟ್ ಲಿನಕ್ಸಿಗೆ ಹೊಂದಿಕೊಂಡೇ ನಡೆಯುತ್ತದೆ. ಅದರಲ್ಲಿ 'ಪ್ರಿಇನ್‌ಸ್ಟಾಲ್' ಅನ್ನುವ ಒಂದು ಪ್ಯಾಕೇಜ್ ಇದೆ. ಅದನ್ನು ಹಾಕಿದರೆ 'ಓರಾಕಲ್' ಹೆಸರಿನ ಯೂಸರ್, ಬೇಕಾದ ಗ್ರೂಪುಗಳು, ಕರ್ನೆಲ್ ಪ್ಯಾರಾಮೀಟರುಗಳು, ಫೈಲ್ ಮಿತಿಗಳು ಎಲ್ಲ ತಾವೇ ಸಿದ್ಧವಾಗುತ್ತವೆ. ಮೊದಲ ಸಲ ಅದನ್ನು ಬಳಸಿ. ಎರಡನೇ ಸಲ ಅದಿಲ್ಲದೆ ಕೈಯಿಂದಲೇ ಮಾಡಿ. ಶೇರ್ಡ್ ಮೆಮೊರಿ ಅಂದರೆ ಏನು, ಸೆಮಫೋರ್ ಯಾಕೆ ಬೇಕು ಅನ್ನುವುದು ಆಗ ತಿಳಿಯುತ್ತದೆ. ಉಬುಂಟು ಮೇಲೆ ಓರಾಕಲ್ ಡೇಟಾಬೇಸ್ ಹಾಕಲು ಹೋಗಬೇಡಿ. ಓರಾಕಲ್ ಒಪ್ಪಿರುವ ಓಎಸ್‌ಗಳ ಪಟ್ಟಿಯಲ್ಲಿ ಅದು ಇಲ್ಲ. ಲೈಬ್ರರಿ ಎರರುಗಳ ಜತೆ ವಾರಗಟ್ಟಲೆ ಗುದ್ದಾಡಿ ಕಲಿಯುವ ವಿದ್ಯೆ ಮುಂದೆ ಎಲ್ಲಿಯೂ ಉಪಯೋಗಕ್ಕೆ ಬರುವುದಿಲ್ಲ. ಮನೆಯಲ್ಲಿ ಕಲಿಯಲು ಓರಾಕಲ್‌ನ ಉಚಿತ 'ಫ್ರೀ' ಆವೃತ್ತಿ ಧಾರಾಳ ಸಾಕು. ಅದಕ್ಕೆ 2 ಜಿಬಿ ಮೆಮೊರಿ, 12 ಜಿಬಿ ಡೇಟಾ, 2 ಸಿಪಿಯು ಥ್ರೆಡ್ಡಿನ ಮಿತಿ ಇದೆ.

ಎಸ್‌ಕ್ಯೂಎಲ್ ಸರ್ವರ್ ಹಿಡಿಯುವವರು ವಿಂಡೋಸಿನಲ್ಲೇ ಇರಲಿ. 2017ರ ಆವೃತ್ತಿಯಿಂದ ಅದು ಲಿನಕ್ಸಿನ ಮೇಲೂ ಓಡುತ್ತದೆ, ನಿಜ. ಆದರೆ ಅದನ್ನು ನಡೆಸುವ ಮ್ಯಾನೇಜ್‌ಮೆಂಟ್ ಸ್ಟುಡಿಯೋ ವಿಂಡೋಸಿಗೆ ಮಾತ್ರ ಸಿಗುತ್ತದೆ. ಸರ್ವಿಸ್ ಅಕೌಂಟು, ಈವೆಂಟ್ ವ್ಯೂವರ್, ಆಕ್ಟಿವ್ ಡೈರೆಕ್ಟರಿ ಲಾಗಿನ್ನು ಗೊತ್ತಿಲ್ಲದ ಎಸ್‌ಕ್ಯೂಎಲ್ ಸರ್ವರ್ ಡಿಬಿಎಗೆ ಕೆಲಸ ಕಷ್ಟ. ಇಳಿಸಿಕೊಳ್ಳುವಾಗ ಎಕ್ಸ್‌ಪ್ರೆಸ್ ಆವೃತ್ತಿಗಿಂತ ಡೆವಲಪರ್ ಆವೃತ್ತಿ ತೆಗೆದುಕೊಳ್ಳಿ. ಅದೂ ಉಚಿತವೇ, ಕಲಿಯಲು ಎಲ್ಲ ಸೌಲಭ್ಯ ಇವೆ, ವ್ಯವಹಾರಕ್ಕೆ ಮಾತ್ರ ಬಳಸುವಂತಿಲ್ಲ. ಎಕ್ಸ್‌ಪ್ರೆಸ್‌ನಲ್ಲಿ ಎಸ್‌ಕ್ಯೂಎಲ್ ಏಜೆಂಟ್ ಇರುವುದಿಲ್ಲ, ರಾತ್ರಿ ಬ್ಯಾಕಪ್ ಜಾಬ್ ಹಾಕುವುದನ್ನೇ ಕಲಿಯಲಾಗದಿದ್ದರೆ ಡಿಬಿಎ ಓದಿಗೆ ಅದೊಂದು ದೊಡ್ಡ ಕೊರತೆ. ವಿಂಡೋಸ್ ಸರ್ವರಿನ 180 ದಿನದ ಪರೀಕ್ಷಾ ಆವೃತ್ತಿಯೂ ಸಿಗುತ್ತದೆ. ಅದನ್ನು ವಿಎಂನಲ್ಲಿ (ಕಂಪ್ಯೂಟರಿನ ಒಳಗೇ ಸಾಫ್ಟ್‌ವೇರಿನಿಂದ ಮಾಡಿದ ಇನ್ನೊಂದು ಕಂಪ್ಯೂಟರಿನಲ್ಲಿ) ಹಾಕಿ ಎಸ್‌ಕ್ಯೂಎಲ್ ಸರ್ವರನ್ನು ಅದರ ಮೇಲೆ ಕೂಡಿಸಿದರೆ ಕಚೇರಿಯ ವಾತಾವರಣಕ್ಕೆ ಇನ್ನಷ್ಟು ಹತ್ತಿರ.

ಪೋಸ್ಟ್‌ಗ್ರೆಸ್ ಮತ್ತು ಮೈಎಸ್‌ಕ್ಯೂಎಲ್ ಯಾವ ಲಿನಕ್ಸಿನಲ್ಲಾದರೂ ಸಲೀಸಾಗಿ ಓಡುತ್ತವೆ. ಆದರೂ ನಾನು ರಾಕಿ ಲಿನಕ್ಸ್ ಅಥವಾ ಅಲ್ಮಾ ಲಿನಕ್ಸ್ ಹಾಕಲು ಹೇಳುತ್ತೇನೆ, ಅದಕ್ಕೆ ಕಾರಣ ಇದೆ. ಉಬುಂಟು, ಡೆಬಿಯನ್‌ಗಳಲ್ಲಿ ಪೋಸ್ಟ್‌ಗ್ರೆಸ್ ಪ್ಯಾಕೇಜ್ ಹಾಕಿದ ಕೂಡಲೇ ಡೇಟಾಬೇಸ್ ಕ್ಲಸ್ಟರ್ (ಡೇಟಾ ಇಡುವ ಡೈರೆಕ್ಟರಿ) ತಾನೇ ಹುಟ್ಟಿ ತಾನೇ ಓಡತೊಡಗುತ್ತದೆ. ರಾಕಿ, ಅಲ್ಮಾ ಸೇರಿದ ರೆಡ್‌ಹ್ಯಾಟ್ ಮನೆತನದಲ್ಲಿ ಹಾಗಿಲ್ಲ. ಅದನ್ನು ಹುಟ್ಟಿಸುವ 'ಇನಿಟ್‌ಡಿಬಿ' ಕಮಾಂಡನ್ನು ನೀವೇ ಕೊಡಬೇಕು, ಸರ್ವಿಸನ್ನು ನೀವೇ ಎಬ್ಬಿಸಬೇಕು, ಫೈರ್‌ವಾಲಿನಲ್ಲಿ 5432 ಪೋರ್ಟನ್ನು ನೀವೇ ತೆರೆಯಬೇಕು, ಲಿನಕ್ಸಿನ ಭದ್ರತಾ ಕಾವಲುಗಾರ ಎಸ್‌ಇಲಿನಕ್ಸ್ ತಡೆದರೆ ಅದರ ಜತೆ ನೀವೇ ಮಾತಾಡಬೇಕು. ಬಳಸುವವರಿಗೆ ಇದೆಲ್ಲ ತೊಂದರೆ ಅನ್ನಿಸಬಹುದು. ಕಲಿಯುವವರಿಗೆ ಒಂದೊಂದೂ ಒಂದೊಂದು ಪಾಠ. ಇನ್ನೊಂದು ವಿಷಯ: ಡೆಬಿಯನ್‌ನಲ್ಲಿ ಮೈಎಸ್‌ಕ್ಯೂಎಲ್ ಅಂತ ಕೇಳಿದರೆ ಸಿಗುವುದು ಮರಿಯಾಡಿಬಿ. 2009ರಲ್ಲಿ ಮೈಎಸ್‌ಕ್ಯೂಎಲ್‌ನಿಂದಲೇ ಕವಲೊಡೆದದ್ದಾದರೂ ಈಗ ಎರಡರ ದಾರಿ ಸಾಕಷ್ಟು ಬೇರೆಯಾಗಿದೆ.

ಹಳೆಯ ವಿಡಿಯೋ, ನೋಟ್ಸುಗಳಲ್ಲಿ "ಸೆಂಟ್‌ಓಎಸ್ ಹಾಕಿ" ಅಂತ ಇರುತ್ತದೆ. ಸೆಂಟ್‌ಓಎಸ್ ಲಿನಕ್ಸ್ 8ಕ್ಕೆ 2021ರ ಡಿಸೆಂಬರ್ 31ಕ್ಕೇ ಬೆಂಬಲ ನಿಂತಿತು, 7ಕ್ಕೆ 2024ರ ಜೂನ್ 30ಕ್ಕೆ. ಆ ಜಾಗ ತುಂಬಲೆಂದೇ 2021ರಲ್ಲಿ ರಾಕಿ, ಅಲ್ಮಾ ಬಂದವು. ಅಸಲಿ ರೆಡ್‌ಹ್ಯಾಟೇ ಬೇಕೆನ್ನುವವರಿಗೆ ಡೆವಲಪರ್ ಖಾತೆಯಲ್ಲಿ 16 ಯಂತ್ರಗಳವರೆಗೆ ಉಚಿತವಾಗಿ ಸಿಗುತ್ತದೆ. ಫೆಡೋರಾ ಬೇಡ, ಅದು ಆರಾರು ತಿಂಗಳಿಗೆ ಹೊಸದಾಗುತ್ತದೆ. ಕಾಲಿ ಇರುವುದು ಭದ್ರತಾ ಪರೀಕ್ಷೆಗೆ. ನಮ್ಮ ಹುಡುಗಿಯ ಗೆಳತಿ ಅದರಲ್ಲೇನು ಮಾಡುತ್ತಾಳೋ ಮಾಡಲಿ, ಡಿಬಿಎ ಕಲಿಕೆಗೆ ಅದು ದಾರಿಯಲ್ಲ.

ಯಾವ ಡೇಟಾಬೇಸ್ ಅಂತ ಇನ್ನೂ ತೀರ್ಮಾನ ಆಗದವರು ರಾಕಿ 9ರ ಮೇಲೆ ಪೋಸ್ಟ್‌ಗ್ರೆಸ್ ಹಾಕಿ ಶುರು ಮಾಡಿ. ಅಕ್ಕನ ಮಗಳಿಗೂ ಅದನ್ನೇ ಹಾಕಿಕೊಟ್ಟೆ. ನಾಳೆ ಓರಾಕಲ್ ಕಡೆ ಹೊರಳಿದರೂ ಕಲಿತ ಓಎಸ್ ವಿದ್ಯೆ ಅಷ್ಟೂ ಜತೆಗೆ ಬರುತ್ತದೆ.

ಲ್ಯಾಪ್‌ಟಾಪಿನ ವಿಂಡೋಸ್ ತೆಗೆಯಬೇಡಿ

"ಹಂಗಾದ್ರ ವಿಂಡೋಸ್ ಅಳಿಸಿಬಿಡ್ಲೇನು?" ಅಂತ ಕೇಳಿದಳು. ಬೇಡ ಅಂದೆ. ಅದೇ ಲ್ಯಾಪ್‌ಟಾಪಿನಲ್ಲಿ ಅವರಪ್ಪ ಅಡತಿ ಅಂಗಡಿಯ ಟ್ಯಾಲಿ ನೋಡುತ್ತಾರೆ. ನುಡಿಯಲ್ಲಿ ಅರ್ಜಿ ಟೈಪ್ ಮಾಡುತ್ತಾರೆ. ಮನೆಮಂದಿಯ ಫೋಟೋಗಳೂ ಅದರಲ್ಲೇ. ಕಲಿಯುವವರು ಮೊದಲ ಎರಡು ತಿಂಗಳು ಓಎಸ್ ಅನ್ನು ಕೆಡಿಸುತ್ತಲೇ ಇರಬೇಕು, ಹತ್ತು ಸಲ ಹಾಕಿ ತೆಗೆದು ಮಾಡಬೇಕು. ಎಲ್ಲರ ವಸ್ತು ಇರುವ ಡಿಸ್ಕಿನ ಮೇಲೆ ಅಷ್ಟು ಧೈರ್ಯ ಬರುವುದಿಲ್ಲ. ಧೈರ್ಯ ಬರದಿದ್ದರೆ ಕಲಿಕೆ ಆಗುವುದಿಲ್ಲ. ಡ್ಯುಯಲ್ ಬೂಟನ್ನೂ ಇದೇ ಕಾರಣಕ್ಕೆ ನಾನು ಒಪ್ಪುವುದಿಲ್ಲ. ಪಾರ್ಟಿಷನ್ ಮಾಡುವಾಗ ಒಂದು ತಪ್ಪು ಗೆರೆ ಎಳೆದರೆ ಸಾಕು.

ವರ್ಚುವಲ್‌ಬಾಕ್ಸ್ ಹಾಕಿ, ಅದರೊಳಗೆ ವಿಎಂ ಮಾಡಿ. ವಿಎಂ ತೆರೆಯುವುದೇ ಇಲ್ಲ ಅಂದರೆ ಹೆಚ್ಚಾಗಿ ಬಯೋಸಿನಲ್ಲಿ ವರ್ಚುವಲೈಸೇಶನ್ ಬಂದಾಗಿರುತ್ತದೆ. ಇಂಟೆಲ್ ಯಂತ್ರದಲ್ಲಿ ಅದರ ಹೆಸರು ವಿಟಿ-ಎಕ್ಸ್. ಅದನ್ನು ಚಾಲೂ ಮಾಡಿ. 8 ಜಿಬಿ ರ‍್ಯಾಮ್ ಇದ್ದರೆ ವಿಎಂಗೆ 2ರಿಂದ 3 ಜಿಬಿ ಕೊಡಿ. 4 ಜಿಬಿ ಮಾತ್ರ ಇದ್ದರೆ ಮೊದಲು ರ‍್ಯಾಮ್ ಹಾಕಿಸಿ, ಓಎಸ್ ಮಾತು ಆಮೇಲೆ. ಹಾರ್ಡ್‌ಡಿಸ್ಕ್ ಹಳೆಯ ತಿರುಗುವ ನಮೂನೆಯದಾಗಿದ್ದರೆ ಎಸ್‌ಎಸ್‌ಡಿಗೆ ಬದಲಿಸುವುದು ಒಳ್ಳೆಯದು. ಹೊಸ ಲ್ಯಾಪ್‌ಟಾಪ್ ಕೊಳ್ಳುವ ಖರ್ಚು ಯಾರೂ ಮಾಡಬೇಕಾಗಿಲ್ಲ.

ಸೆಕೆಂಡ್‌ಹ್ಯಾಂಡ್ ಯಂತ್ರದವರು ಇದೊಂದನ್ನು ಗಮನಿಸಲೇಬೇಕು. ರೆಡ್‌ಹ್ಯಾಟ್ 10 ಮತ್ತು ರಾಕಿ 10ಕ್ಕೆ ಎವಿಎಕ್ಸ್2 ಅನ್ನುವ ಸೂಚನೆಗಳ ಗುಂಪು ಇರುವ ಪ್ರೊಸೆಸರ್ ಬೇಕು. ಇಂಟೆಲ್ ಕೋರ್ ಸರಣಿಯಲ್ಲಿ ಅದು ಬಂದದ್ದು 2013ರ ಹ್ಯಾಸ್‌ವೆಲ್‌ನಿಂದ, ಅಂದರೆ ನಾಲ್ಕನೇ ತಲೆಮಾರಿನಿಂದ. ಅದಕ್ಕಿಂತ ಹಳೆಯ ಮೂರನೇ ತಲೆಮಾರಿನ ಐ5ನಲ್ಲಿ ರಾಕಿ 9 ಚೆನ್ನಾಗಿ ಓಡುತ್ತದೆ, 10 ಏಳುವುದೇ ಇಲ್ಲ. ಹುಡುಗಿಯ ಲ್ಯಾಪ್‌ಟಾಪ್ ಅಂಥದ್ದೇ ಆಗಿತ್ತು. ವಿಎಂ ಒಳಗೆ ಹಾಕಿದರೂ ಇದೇ ನಿಯಮ, ಯಾಕೆಂದರೆ ಒಳಗೆ ಕೆಲಸ ಮಾಡುವ ಪ್ರೊಸೆಸರ್ ಅದೇ ತಾನೆ. 9ನ್ನು ಹಾಕಿಕೊಳ್ಳುವುದರಲ್ಲಿ ಕಳಕೊಳ್ಳುವುದೇನೂ ಇಲ್ಲ, ಅದಕ್ಕೆ 2032ರ ಮೇವರೆಗೆ ಬೆಂಬಲ ಇದೆ.

ಮೊಬೈಲ್ ಡೇಟಾ ಮೇಲೆ ಇಳಿಸಿಕೊಳ್ಳುವವರು ಪೂರ್ತಿ ಡಿವಿಡಿ ಇಮೇಜಿಗೆ ಹೋಗಬೇಡಿ, ಅದು 10 ಜಿಬಿ ಆಸುಪಾಸು. 'ಮಿನಿಮಲ್' ಅನ್ನುವುದು 2 ಜಿಬಿ ಆಸುಪಾಸಿನಲ್ಲಿ ಮುಗಿಯುತ್ತದೆ. ಇಳಿಸಿದ ಮೇಲೆ ಚೆಕ್‌ಸಮ್ ತಾಳೆ ನೋಡಿ. ನಡುವೆ ನೆಟ್ ಹೋಗಿ ಅರೆಬರೆ ಇಳಿದ ಫೈಲಿನಿಂದ ಇನ್‌ಸ್ಟಾಲ್ ಮಾಡಿ ಅರ್ಧ ದಿನ ಕಳೆಯುವುದು ತಪ್ಪುತ್ತದೆ.

ವಿಂಡೋಸಿನ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಸಾಕಲ್ಲ ಅಂತ ಕೆಲವರು ಕೇಳುತ್ತಾರೆ. ಕಮಾಂಡು ರೂಢಿ ಮಾಡಿಕೊಳ್ಳಲು ಅದು ಒಳ್ಳೆಯದು. ಆದರೆ ಡಿಸ್ಕು ಸೇರಿಸುವುದು, ಪಾರ್ಟಿಷನ್ನು, ಬೂಟು, ಎಸ್‌ಇಲಿನಕ್ಸು ಅದರಲ್ಲಿ ಕೈಗೆ ಹತ್ತುವುದಿಲ್ಲ. ಡಾಕರ್ ಕೂಡ ಹಾಗೆಯೇ: ಇನ್‌ಸ್ಟಾಲ್ ಅನ್ನುವ ಕೆಲಸವನ್ನು ಇನ್ಯಾರೋ ಮಾಡಿ ಮುಗಿಸಿ ಡಬ್ಬಿಯಲ್ಲಿ ಕೊಟ್ಟಿರುತ್ತಾರೆ. ಪ್ರೋಗ್ರಾಂ ಬರೆಯುವವರಿಗೆ ಅದೇ ಬೇಕು, ಡಿಬಿಎಗೆ ಆ ಕೆಲಸವೇ ವಿದ್ಯೆ. ಮ್ಯಾಕ್ ಇರುವವರು ನಮ್ಮ ಕಡೆ ಕಡಿಮೆ. ಎಂ1 ಮತ್ತು ಆಮೇಲಿನ ಮ್ಯಾಕ್‌ಗಳು ಆರ್ಮ್ ಪ್ರೊಸೆಸರಿನವು ಅನ್ನುವುದು ನೆನಪಿರಲಿ, ಅದಕ್ಕೆ ತಕ್ಕ ಆರ್ಮ್ ಇಮೇಜನ್ನೇ ಆರಿಸಿ.

ಮೂಲೆಯಲ್ಲಿ ಹಳೆಯ ಡೆಸ್ಕ್‌ಟಾಪ್ ಒಂದು ಧೂಳು ತಿನ್ನುತ್ತಿದ್ದರೆ ನೀವು ಪುಣ್ಯವಂತರು. ಅದರ ಮೇಲೆ ನೇರವಾಗಿ ಲಿನಕ್ಸ್ ಹಾಕಿ, ಮಾನಿಟರ್ ಕಳಚಿ, ಲ್ಯಾಪ್‌ಟಾಪಿನಿಂದ ಒಳಹೊಕ್ಕು ಕೆಲಸ ಮಾಡಿ. ಏಪ್ರಿಲ್, ಮೇನಲ್ಲಿ ನಲವತ್ತು ಡಿಗ್ರಿ ದಾಟುವ ಊರಿನವರು ನಾವು, ಒಳಗಿನ ಫ್ಯಾನಿನ ಧೂಳು ಮಾತ್ರ ಮೊದಲು ಒರೆಸಿ.

ಹಾಕುವಾಗ ತಗೊಳ್ಳುವ ನಿರ್ಧಾರಗಳು

ಇನ್‌ಸ್ಟಾಲ್ ಪರದೆಯಲ್ಲಿ 'ಮಿನಿಮಲ್ ಇನ್‌ಸ್ಟಾಲ್' ಆರಿಸಿ. ಡೆಸ್ಕ್‌ಟಾಪು, ಐಕಾನು ಯಾವುದೂ ಬೇಡ. ಮೌಸ್ ಇದ್ದರೆ ಕೈ ಅತ್ತಲೇ ಹೋಗುತ್ತದೆ. ಸರ್ವರಿನಲ್ಲಿ ಮೌಸ್ ಇರುವುದಿಲ್ಲ. ಅಕ್ಕನ ಮಗಳು ಮೊದಲ ದಿನ 'ವಿಐ' ಎಡಿಟರಿನಿಂದ ಹೊರಗೆ ಬರುವುದು ಹೇಗೆಂದು ತಿಳಿಯದೆ ವಿಎಂ ಅನ್ನೇ ಬಂದ್ ಮಾಡಿದ್ದಳು. ಮೂರನೇ ದಿನ ಕಾನ್ಫಿಗ್ ಫೈಲನ್ನು ಅದರಲ್ಲೇ ತಿದ್ದುತ್ತಿದ್ದಳು.

ನೆಟ್‌ವರ್ಕಿಗೆ ಎರಡು ಅಡಾಪ್ಟರ್ ಕೊಡಿ. ಒಂದು ನ್ಯಾಟ್, ಪ್ಯಾಕೇಜು ಇಳಿಸಲು. ಇನ್ನೊಂದು ಹೋಸ್ಟ್-ಓನ್ಲಿ, ಲ್ಯಾಪ್‌ಟಾಪಿನಿಂದ ಒಳಹೋಗಲು. ವರ್ಚುವಲ್‌ಬಾಕ್ಸಿನಲ್ಲಿ ಈ ಎರಡನೆಯದು ಸಾಮಾನ್ಯವಾಗಿ 192.168.56ರಿಂದ ಶುರುವಾಗುವ ವಿಳಾಸ ಕೊಡುತ್ತದೆ. ಅದನ್ನು ಸ್ಥಿರ ವಿಳಾಸ ಮಾಡಿಕೊಂಡು, ಮುಂದೆ ಎಲ್ಲ ಕೆಲಸವನ್ನೂ ಎಸ್‌ಎಸ್‌ಎಚ್ (ದೂರದ ಯಂತ್ರದೊಳಗೆ ಹೋಗಿ ಕಮಾಂಡು ಕೊಡುವ ದಾರಿ) ಮೂಲಕವೇ ಮಾಡಿ. ವಿಎಂನ ಕಿಟಕಿಯನ್ನು ಮುಟ್ಟಲೇಬೇಡಿ. ಸರ್ವರ್ ಬೆಂಗಳೂರಲ್ಲಿದ್ದರೂ ಅಮೆರಿಕದಲ್ಲಿದ್ದರೂ ಡಿಬಿಎ ಅದನ್ನು ನೋಡುವುದು ಈ ಕಿಂಡಿಯಿಂದಲೇ.

ಡಿಸ್ಕಿನ ವಿಷಯಕ್ಕೆ ಹೆಚ್ಚು ಹೊತ್ತು ಕೊಡಿ. ಓಎಸ್‌ಗೆ 20 ಜಿಬಿಯ ಒಂದು ವರ್ಚುವಲ್ ಡಿಸ್ಕ್, ಡೇಟಾಕ್ಕೆ 10 ಜಿಬಿಯ ಇನ್ನೊಂದು, ಬ್ಯಾಕಪ್ಪಿಗೆ ಮೂರನೆಯದು. ಎರಡನೆಯದನ್ನು ಎಲ್‌ವಿಎಂಗೆ (ಡಿಸ್ಕಿನ ಜಾಗ ಹಂಚುವ ಲಿನಕ್ಸಿನ ವ್ಯವಸ್ಥೆಗೆ) ಸೇರಿಸಿ, ಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಮ್ ಹಾಕಿ, ಮೌಂಟ್ ಮಾಡಿ. ಎಕ್ಸ್‌ಎಫ್‌ಎಸ್ ಅನ್ನು ದೊಡ್ಡದು ಮಾಡಬಹುದು, ಚಿಕ್ಕದು ಮಾಡಲು ಬರುವುದಿಲ್ಲ. ಇದನ್ನು ಖಾಲಿ ವಿಎಂನಲ್ಲಿ ತಿಳಿದುಕೊಂಡರೆ ನಷ್ಟವಿಲ್ಲ. ಆಮೇಲೆ ಪೋಸ್ಟ್‌ಗ್ರೆಸ್ ಡೇಟಾ ಡೈರೆಕ್ಟರಿಯನ್ನು ಹೊಸ ಡಿಸ್ಕಿಗೆ ಸಾಗಿಸಿ ಸರ್ವಿಸ್ ಎಬ್ಬಿಸಿ ನೋಡಿ. ಏಳುವುದಿಲ್ಲ. ಪರ್ಮಿಷನ್ ಸರಿ ಇದೆ, ಮಾಲೀಕ ಸರಿ ಇದ್ದಾನೆ, ಆದರೂ ಏಳುವುದಿಲ್ಲ. 'ಜರ್ನಲ್‌ಸಿಟಿಎಲ್' ತೆರೆದು ಓದಿ: ತಡೆದದ್ದು ಎಸ್‌ಇಲಿನಕ್ಸ್. ಇಲ್ಲಿ ಬಹಳ ಮಂದಿ ಎಸ್‌ಇಲಿನಕ್ಸನ್ನೇ ಬಂದ್ ಮಾಡಿ ಮುಂದೆ ಹೋಗುತ್ತಾರೆ. ದಯಮಾಡಿ ಹಾಗೆ ಮಾಡಬೇಡಿ. ಹೊಸ ಜಾಗಕ್ಕೆ ಸರಿಯಾದ ಲೇಬಲ್ ಹಚ್ಚುವುದನ್ನು, ಅಂದರೆ 'ಎಸ್‌ಇಮ್ಯಾನೇಜ್' ಮತ್ತು 'ರಿಸ್ಟೋರ್‌ಕಾನ್' ಎರಡನ್ನೂ, ಇಲ್ಲಿಯೇ ಕಲಿಯಿರಿ. ಕಂಪನಿಯಲ್ಲಿ ಭದ್ರತೆಯ ತಂಡದವರು ಬಂದ್ ಮಾಡಲು ಬಿಡುವುದಿಲ್ಲ.

ಇಷ್ಟಾದ ಮೇಲೆ ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ, ಕೆಟ್ಟರೆ ವಿಎಂ ಅನ್ನು ಈ ಸ್ಥಿತಿಗೆ ಮರಳಿಸಬಹುದು. ಇನ್ನು ಕೆಡಿಸಲು ಶುರು.

ಕರೆಂಟ್ ಹೋಗುವ ಊರಿನ ಲಾಭ

ಕ್ರ್ಯಾಶ್ ರಿಕವರಿ ಅನ್ನುವುದು ಪುಸ್ತಕದಲ್ಲಿ ಎರಡು ಪುಟ ಇರುತ್ತದೆ. ನನಗೆ ಅದನ್ನು ಕಲಿಸಿದ್ದು ಬೇಸಿಗೆಯ ಒಂದು ಮಧ್ಯಾಹ್ನ. ಯುಪಿಎಸ್ ಬ್ಯಾಟರಿ ಸತ್ತಿದ್ದ ಹಳೆಯ ಡೆಸ್ಕ್‌ಟಾಪಿನಲ್ಲಿ ಲಕ್ಷ ಸಾಲು ತುಂಬುತ್ತಿದ್ದೆ, ಕರೆಂಟ್ ಹೋಯಿತು. ಎಲ್ಲ ಹಾಳಾಯಿತು ಅಂದುಕೊಂಡು ಸಂಜೆ ಚಾಲೂ ಮಾಡಿದರೆ ಡೇಟಾಬೇಸ್ ಎದ್ದು ಕೂತಿತು. ಹಿಂದಿನ ಸಲ ಸರಿಯಾಗಿ ಬಂದ್ ಆಗಿರಲಿಲ್ಲ, ಈಗ ರಿಕವರಿ ನಡೆದಿದೆ ಅಂತ ಲಾಗಿನಲ್ಲಿ ಬರೆದಿತ್ತು. ಅದು ಹೇಗೆ ಸಾಧ್ಯ ಅಂತ ಹುಡುಕಿಕೊಂಡು ಹೋದೆ. ವಾಲ್ (ಬದಲಾವಣೆಯನ್ನು ಮೊದಲು ಬರೆದಿಡುವ ಲಾಗ್), ಚೆಕ್‌ಪಾಯಿಂಟ್ (ಮೆಮೊರಿಯ ಬದಲಾವಣೆಗಳು ಡೇಟಾ ಫೈಲಿಗೆ ಸೇರುವ ಹಂತ), ಎಫ್‌ಸಿಂಕ್ (ಬರೆದದ್ದನ್ನು ಡಿಸ್ಕಿಗೆ ಮುಟ್ಟಿಸು ಅಂತ ಓಎಸ್‌ಗೆ ಹೇಳುವುದು) ಅನ್ನುವ ಮೂರು ಮಾತು ಅರ್ಥವಾಗಲು ಒಂದು ತಿಂಗಳು ಹಿಡಿಯಿತು. ಇಂದಿಗೂ ನನ್ನ ಕೆಲಸ ನಿಂತಿರುವುದು ಆ ಮೂರರ ಮೇಲೆ.

ನೀವೂ ಮಾಡಿ. ಲ್ಯಾಪ್‌ಟಾಪಿನಲ್ಲಿ ಒಂದು ಸಣ್ಣ ಸ್ಕ್ರಿಪ್ಟ್ ಬರೆಯಿರಿ: ವಿಎಂನ ಡೇಟಾಬೇಸಿಗೆ ಒಂದೊಂದೇ ಸಾಲು ಸೇರಿಸಬೇಕು, ಕಮಿಟ್ ಆದ ಮೇಲೆ ಆ ಸಾಲಿನ ಸಂಖ್ಯೆಯನ್ನು ಪರದೆಗೆ ತೋರಿಸಬೇಕು. ಅದು ಓಡುತ್ತಿರುವಾಗಲೇ ವರ್ಚುವಲ್‌ಬಾಕ್ಸಿನಲ್ಲಿ 'ಪವರ್ ಆಫ್' ಒತ್ತಿ. ಮೆಲ್ಲಗೆ ಬಂದ್ ಮಾಡುವ 'ಶಟ್‌ಡೌನ್' ಬೇರೆ, ಅದನ್ನು ಒತ್ತಬೇಡಿ. ವಿಎಂ ಮತ್ತೆ ಎಬ್ಬಿಸಿ, ಪರದೆಯಲ್ಲಿ ಕಂಡ ಕೊನೆಯ ಸಂಖ್ಯೆ ಟೇಬಲಿನಲ್ಲಿ ಇದೆಯೇ ನೋಡಿ. ಇರಲೇಬೇಕು. ಆಮೇಲೆ 'ಸಿಂಕ್ರೋನಸ್ ಕಮಿಟ್' (ವಾಲ್ ಡಿಸ್ಕಿಗೆ ಮುಟ್ಟಿದ ಮೇಲೆಯೇ ಕಮಿಟ್ ಆಯಿತು ಅನ್ನುವ ಸೆಟ್ಟಿಂಗ್) ಆಫ್ ಮಾಡಿ ಅದೇ ಆಟ ಮತ್ತೆ ಆಡಿ. ಈ ಸಲ ಕೊನೆಯ ಕೆಲವು ಸಾಲು ಇಲ್ಲದೇ ಹೋಗಬಹುದು, ಆದರೆ ಡೇಟಾಬೇಸ್ ಕೆಡುವುದಿಲ್ಲ. ವೇಗಕ್ಕೆ ತೆತ್ತ ಬೆಲೆ ಎಷ್ಟು ಅನ್ನುವುದು ಕಣ್ಣಿಗೆ ಕಾಣುತ್ತದೆ. 'ಎಫ್‌ಸಿಂಕ್' ಆಫ್ ಮಾಡುವುದು ಮಾತ್ರ ಬೇರೆಯೇ ಸಂಗತಿ, ಅಲ್ಲಿ ಡೇಟಾಬೇಸೇ ಕೆಟ್ಟುಹೋಗಬಹುದು.

ಒಂದು ಸೂಕ್ಷ್ಮ ಹೇಳಬೇಕು. ವಿಎಂ ಪವರ್ ಆಫ್ ಮಾಡಿದಾಗ ಹೊರಗಿನ ವಿಂಡೋಸ್ ಇನ್ನೂ ಬದುಕಿರುತ್ತದೆ, ಅದರ ಕ್ಯಾಶ್‌ನಲ್ಲಿ ಇದ್ದದ್ದು ಡಿಸ್ಕಿಗೆ ಸೇರಿಬಿಡಬಹುದು. ನಿಜವಾದ ಕರೆಂಟ್ ಹೋಗುವುದಕ್ಕೂ ಇದಕ್ಕೂ ಅಷ್ಟು ವ್ಯತ್ಯಾಸ. ಆ ಪರೀಕ್ಷೆ ಬೇಕೆಂದರೆ ಹಳೆಯ ಡೆಸ್ಕ್‌ಟಾಪಿನ ಪ್ಲಗ್ ಕಿತ್ತು ನೋಡಬಹುದು, ಅದರಲ್ಲಿ ಬೇರೆ ಏನೂ ಇಲ್ಲದಿದ್ದರೆ ಮಾತ್ರ.

ಡಿಸ್ಕು ತುಂಬಿಸುವುದನ್ನೂ ಮಾಡಿ. ಸಂದರ್ಶನದಲ್ಲಿ ನನಗೆ ಸಿಕ್ಕ ಪ್ರಶ್ನೆಯನ್ನು ನೀವೇ ತಯಾರಿಸಿಕೊಳ್ಳಿ. ವಿಎಂನ ಮೆಮೊರಿ ಕಡಿಮೆ ಮಾಡಿ, ಡೇಟಾಬೇಸಿಗೆ ಹೆಚ್ಚು ಕೊಟ್ಟು, ಮೆಮೊರಿ ಮುಗಿದಾಗ ಲಿನಕ್ಸಿನ ಓಓಎಂ ಕಿಲ್ಲರ್ ಬಂದು ಪ್ರೊಸೆಸ್ಸನ್ನು ಕೊಲ್ಲುವುದನ್ನು ನೋಡಿ. ಪೋಸ್ಟ್‌ಗ್ರೆಸ್‌ನ ಒಂದೇ ಒಂದು ಪ್ರೊಸೆಸ್ಸನ್ನು 'ಕಿಲ್ ಮೈನಸ್ 9' ಮಾಡಿದರೂ ಉಳಿದ ಎಲ್ಲರ ಸಂಪರ್ಕವೂ ಕಡಿದು ಡೇಟಾಬೇಸ್ ಮತ್ತೆ ಶುರುವಾಗುತ್ತದೆ. ಮನೆಯಲ್ಲಿ ಒಮ್ಮೆ ಅದನ್ನು ಕಂಡವರು ಕಚೇರಿಯಲ್ಲಿ ಆ ಕಮಾಂಡಿಗೆ ಕೈ ಹಾಕುವುದಿಲ್ಲ.

ನಮ್ಮ ಅಕ್ಷರಗಳನ್ನೇ ಹಾಕಿ ನೋಡಿ

ಅಭ್ಯಾಸಕ್ಕೆ ಇಂಗ್ಲಿಷಿನ ಸಿದ್ಧ ಡೇಟಾ ಸಾಕಷ್ಟು ಸಿಗುತ್ತದೆ. ನಾನು ಹೇಳುವುದು, ಜಿಲ್ಲೆಯ ತಾಲೂಕುಗಳ ಹೆಸರನ್ನು ಕನ್ನಡದಲ್ಲೇ ಒಂದು ಟೇಬಲಿಗೆ ತುಂಬಿ: ಆಳಂದ, ಅಫಜಲಪುರ, ಚಿಂಚೋಳಿ, ಚಿತ್ತಾಪುರ, ಜೇವರ್ಗಿ, ಸೇಡಂ. ಯುಟಿಎಫ್-8ನಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. 'ಕಲಬುರಗಿ' ಅನ್ನುವ ಪದದಲ್ಲಿ ಕೊಂಬು, ಗುಡಿಸು ಸೇರಿ 7 ಸಂಕೇತ, ಅಂದರೆ 21 ಬೈಟ್. ಓರಾಕಲ್‌ನಲ್ಲಿ ವಾರ್‌ಚಾರ್2 ಕಾಲಮ್ಮಿಗೆ 20 ಅಂತ ಬರೆದರೆ ಬೇರೆ ಹೇಳದಿದ್ದರೆ ಅದು ಎಣಿಸುವುದು ಬೈಟಿನಲ್ಲಿ. ಹಾಗಾಗಿ ನಮ್ಮ ಊರಿನ ಹೆಸರು ಅದರಲ್ಲಿ ಹಿಡಿಸುವುದಿಲ್ಲ. ಓಆರ್‌ಎ-12899 ಎರರ್ ಬಂದು, 21 ಬೇಕಿತ್ತು, 20 ಮಾತ್ರ ಇದೆ ಅನ್ನುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಅದೇ 20 ಅಂದರೆ 20 ಸಂಕೇತ, ಆರಾಮಾಗಿ ಹಿಡಿಸುತ್ತದೆ. ಎಸ್‌ಕ್ಯೂಎಲ್ ಸರ್ವರಿನಲ್ಲಿ ಕಾಲಮ್ಮು ಎನ್‌ವಾರ್‌ಚಾರ್ ಇರಬೇಕು, ತುಂಬುವಾಗ ಊರಿನ ಹೆಸರಿನ ಮುಂದೆ 'ಎನ್' ಅಕ್ಷರ ಇರಬೇಕು. ಇಲ್ಲದಿದ್ದರೆ ಊರಿನ ಹೆಸರಿನ ಜಾಗದಲ್ಲಿ ಪ್ರಶ್ನೆ ಚಿಹ್ನೆಗಳು ಸಾಲಾಗಿ ಕೂಡುತ್ತವೆ.

ಇದಕ್ಕೂ ಓಎಸ್‌ಗೂ ಏನು ಸಂಬಂಧ ಅಂದರೆ, ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವ ನಿಯಮವನ್ನು ಪೋಸ್ಟ್‌ಗ್ರೆಸ್ ಬಹುಮಟ್ಟಿಗೆ ಓಎಸ್‌ನ ಗ್ಲಿಬ್‌ಸಿ ಲೈಬ್ರರಿಯಿಂದ ಕೇಳಿ ಪಡೆಯುತ್ತದೆ. ಮಿನಿಮಲ್ ರಾಕಿಯಲ್ಲಿ ಕನ್ನಡದ ಲೊಕೇಲ್ (ಭಾಷೆಯ ನಿಯಮಗಳ ಕಟ್ಟು) ಬೇಕಾದರೆ 'ಗ್ಲಿಬ್‌ಸಿ-ಲ್ಯಾಂಗ್‌ಪ್ಯಾಕ್-ಕೆಎನ್' ಅನ್ನುವ ಪ್ಯಾಕೇಜನ್ನು ನೀವೇ ಹಾಕಬೇಕು. 2018ರಲ್ಲಿ ಬಂದ ಗ್ಲಿಬ್‌ಸಿ 2.28ರಲ್ಲಿ ಈ ಜೋಡಣೆಯ ನಿಯಮಗಳೇ ಬದಲಾದವು. ರೆಡ್‌ಹ್ಯಾಟ್ 7ರಲ್ಲಿ ಇದ್ದದ್ದು 2.17, 8ರಲ್ಲಿ 2.28. ನಾನು ನೋಡಿಕೊಳ್ಳುತ್ತಿದ್ದ ಒಂದು ಡೇಟಾಬೇಸಿನ ಡೇಟಾ ಡಿಸ್ಕನ್ನು 7ರಿಂದ ಕಳಚಿ ಹಾಗೆಯೇ 8ಕ್ಕೆ ಸಿಕ್ಕಿಸಿದೆವು. ಡೇಟಾಬೇಸ್ ಎದ್ದಿತು, ಎಲ್ಲರೂ ಮನೆಗೆ ಹೋದೆವು. ಮರುದಿನ ಕೆಲವು ಹೆಸರು ಹುಡುಕಿದರೆ ಸಿಗುವುದಿಲ್ಲ, ಪಟ್ಟಿ ತೆರೆದರೆ ಕಾಣುತ್ತವೆ. ಒಂದೇ ಸಲ ಇರಬೇಕಾದ ಹೆಸರುಗಳು ಎರಡೆರಡು ಸಲ ಸೇರಿದ್ದವು. ಇಂಡೆಕ್ಸು ಹಳೆಯ ನಿಯಮದಂತೆ ಜೋಡಿಸಿಟ್ಟದ್ದು, ಹುಡುಕುವುದು ಹೊಸ ನಿಯಮದಂತೆ. ಎರಡೆರಡು ಸಲ ಸೇರಿದ್ದನ್ನು ಒಂದೊಂದಾಗಿ ತೆಗೆದು, ಅಕ್ಷರಗಳ ಮೇಲಿನ ಎಲ್ಲ ಇಂಡೆಕ್ಸನ್ನೂ ಮತ್ತೆ ಕಟ್ಟಬೇಕಾಯಿತು. ಡಂಪ್ ತೆಗೆದು ಹೊಸ ಯಂತ್ರದಲ್ಲಿ ತುಂಬಿದ್ದರೆ ಇದು ಆಗುತ್ತಿರಲಿಲ್ಲ. ಓಎಸ್ ಆವೃತ್ತಿಯನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳುವ ರೂಢಿ ನನಗೆ ಅಂದಿನಿಂದ ಬಂತು. ಡೇಟಾಬೇಸ್ ಆವೃತ್ತಿಯ ಪಕ್ಕದಲ್ಲಿ ಅದೂ ಇರಬೇಕು.

ಮೈಎಸ್‌ಕ್ಯೂಎಲ್ ಕಲಿಯುವವರಿಗೆ ಇಂಥದೇ ಇನ್ನೊಂದು. ವಿಂಡೋಸಿನಲ್ಲಿ ಟೇಬಲಿನ ಹೆಸರನ್ನು ದೊಡ್ಡಕ್ಷರದಲ್ಲಿ ಬರೆದರೂ ಚಿಕ್ಕಕ್ಷರದಲ್ಲಿ ಬರೆದರೂ ಒಂದೇ. ಲಿನಕ್ಸಿನಲ್ಲಿ ಅವೆರಡೂ ಬೇರೆ. ಮಿಲ್ಲಿನಲ್ಲಿ ನಾನು ಬರೆದ ಲೆಕ್ಕದ ಪ್ರೋಗ್ರಾಂ ಲಿನಕ್ಸ್ ಸರ್ವರಿಗೆ ಹೋದ ದಿನ, ಎದುರಿಗೇ ಇರುವ ಟೇಬಲನ್ನು ಇಲ್ಲವೇ ಇಲ್ಲ ಅನ್ನತೊಡಗಿತು. ಇದನ್ನು ಬದಲಿಸುವ ಸೆಟ್ಟಿಂಗ್ ಮೈಎಸ್‌ಕ್ಯೂಎಲ್ 8ರಲ್ಲಿ ಸರ್ವರಿನ ಡೇಟಾ ಡೈರೆಕ್ಟರಿಯನ್ನು ಮೊದಲ ಸಲ ಹುಟ್ಟಿಸುವಾಗ ಮಾತ್ರ ಕೊಡಬಹುದು, ಆಮೇಲೆ ಆಗದು. ಅದಕ್ಕೇ ಮೊದಲಿನಿಂದಲೂ ಎಲ್ಲ ಹೆಸರನ್ನೂ ಚಿಕ್ಕಕ್ಷರದಲ್ಲೇ ಇಡಿ.

ಎರಡನೇ ವಿಎಂ

"ಈಗ ಎಲ್ಲಾ ಕ್ಲೌಡಿಗೆ ಹೊಂಟದಲ್ಲ ಮಾಮಾ, ಇಷ್ಟೆಲ್ಲ ಯಾಕ ಬೇಕು?" ಅಂತ ಕೊನೆಯ ದಿನ ಕೇಳಿದಳು. ಒಳ್ಳೆಯ ಪ್ರಶ್ನೆ. ಡೇಟಾಬೇಸನ್ನು ಅವರೇ ನಡೆಸಿಕೊಡುವ ಅಮೆಜಾನ್ ಆರ್‌ಡಿಎಸ್‌ನಂಥ ಸೇವೆಯಲ್ಲಿ ಓಎಸ್ ಒಳಗೆ ಹೋಗಲು ಸಾಮಾನ್ಯವಾಗಿ ಬಿಡುವುದಿಲ್ಲ. ಆದರೆ ಅದರ ಪರದೆಯಲ್ಲಿ ಕಾಣುವ ಐಓಪಿಎಸ್ (ಸೆಕೆಂಡಿಗೆ ಡಿಸ್ಕಿನ ಓದು-ಬರಹದ ಎಣಿಕೆ), ಫ್ರೀ ಮೆಮೊರಿ, ಸ್ವಾಪ್ ಅನ್ನುವ ಗೆರೆಗಳೆಲ್ಲ ಕೆಳಗಿನ ಓಎಸ್‌ನವೇ. ಆ ಗೆರೆ ಮೇಲೇರಿದರೆ ಒಳಗೆ ಏನಾಗುತ್ತಿರಬಹುದೆಂದು 'ವಿಎಂಸ್ಟ್ಯಾಟ್', 'ಐಓಸ್ಟ್ಯಾಟ್' ನೋಡಿ ಪಳಗಿದವರಿಗೆ ಗೊತ್ತಾಗುತ್ತದೆ. ಮತ್ತೆ ಕ್ಲೌಡಿನಲ್ಲೂ ಬರೀ ಯಂತ್ರ ಬಾಡಿಗೆಗೆ ತಗೊಂಡು ಡೇಟಾಬೇಸ್ ತಾವೇ ಹಾಕಿಕೊಳ್ಳುವ ಕಂಪನಿಗಳು ಬೇಕಾದಷ್ಟಿವೆ.

ಮೊದಲ ತಿಂಗಳು ಮುಗಿದ ಮೇಲೆ ಎರಡನೇ ವಿಎಂ ಮಾಡಿಕೊಳ್ಳಿ. ಮೊದಲನೆಯದರಲ್ಲಿ 'ಕ್ರಾನ್' ಮೂಲಕ ದಿನಾ ರಾತ್ರಿ ಬ್ಯಾಕಪ್ ತೆಗೆಯಿರಿ, ಭಾನುವಾರ ಅದನ್ನು ಎರಡನೆಯದಕ್ಕೆ ಒಯ್ದು ತುಂಬಿ ನೋಡಿ. ತುಂಬಿ ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಅಂತ ಲೆಕ್ಕ ಹಿಡಿಯುವುದಿಲ್ಲ. ಅದು ಸಲೀಸಾದ ಮೇಲೆ ವಾಲ್ ಆರ್ಕೈವ್ ಇಟ್ಟು, "ಮಧ್ಯಾಹ್ನ 3 ಗಂಟೆಗೆ ಟೇಬಲ್ ಅಳಿಸಿದೆ, 2 ಗಂಟೆ 59 ನಿಮಿಷಕ್ಕೆ ಮರಳಬೇಕು" ಅನ್ನುವ ಅಭ್ಯಾಸ. ಅದರ ನಂತರ ಎರಡರ ನಡುವೆ ರೆಪ್ಲಿಕೇಶನ್, ಅಂದರೆ ಒಂದರ ಬದಲಾವಣೆ ಇನ್ನೊಂದಕ್ಕೆ ತಾನೇ ಹೋಗುವಂತೆ ಮಾಡುವುದು. 8 ಜಿಬಿ ಲ್ಯಾಪ್‌ಟಾಪಿನಲ್ಲಿ ಒಂದೂವರೆ ಒಂದೂವರೆ ಜಿಬಿಯ ಎರಡು ವಿಎಂ ಓಡುತ್ತವೆ, ಬ್ರೌಸರ್ ಮಾತ್ರ ಮುಚ್ಚಿರಬೇಕು. ಓರಾಕಲ್ ಹಾಕಿದವರಿಗೆ ಇಷ್ಟು ಸಾಲದು, ಅವರು 16 ಜಿಬಿ ಮಾಡಿಸಿಕೊಂಡೇ ಎರಡನೆಯದಕ್ಕೆ ಇಳಿಯಬೇಕು.

ಎರಡನೆಯದನ್ನು ಹೊಸದಾಗಿ ಹಾಕುವ ಬದಲು ಮೊದಲನೆಯದರ ಕ್ಲೋನ್ ತೆಗೆಯುವವರು ಮೂರು ಬದಲಾವಣೆ ಮರೆಯಬಾರದು. ಕ್ಲೋನ್ ಮಾಡುವಾಗ ಎಲ್ಲ ನೆಟ್‌ವರ್ಕ್ ಅಡಾಪ್ಟರಿಗೂ ಹೊಸ ಮ್ಯಾಕ್ ವಿಳಾಸ (ಅಡಾಪ್ಟರಿನ ಗುರುತು ಸಂಖ್ಯೆ) ಹುಟ್ಟಿಸಲು ಹೇಳಿ. ಎದ್ದ ಮೇಲೆ ಹೋಸ್ಟ್‌ನೇಮ್ ಬದಲಿಸಿ. ಸ್ಥಿರ ಐಪಿ ವಿಳಾಸವನ್ನೂ ಬದಲಿಸಿ. ನಮ್ಮ ಹುಡುಗಿ ಊರಿಗೆ ಹೋಗಿ ಮೂರನೆಯದನ್ನು ಮರೆತಿದ್ದಳು. ಎರಡೂ ಯಂತ್ರ ಒಂದೇ ವಿಳಾಸಕ್ಕೆ ಜಗಳಾಡಿ, ಎಸ್‌ಎಸ್‌ಎಚ್ ಒಮ್ಮೆ ಇದಕ್ಕೆ ಒಮ್ಮೆ ಅದಕ್ಕೆ ಹೋಗುತ್ತಿತ್ತು. ರಾತ್ರಿ ಹತ್ತಕ್ಕೆ ಫೋನ್ ಬಂತು. "ಐಪಿ ನೋಡವ್ವ" ಅನ್ನುವಷ್ಟರಲ್ಲಿ, "ಹಾಂ ಮಾಮಾ, ಸಿಕ್ತು, ಇಡ್ತೀನಿ" ಅಂದಳು.